ಸೇವ್‌ಗಳ ಪಟ್ಟಿಯಿಂದ ಲೇಖನವಾಗುವುದಿಲ್ಲ: ಒಬ್ಬ ಬರಹಗಾರರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಬೇಸ್‌ಬಾಲ್‌ನ ರಿಲೀಫ್ ಪಿಚರ್‌ಗಳನ್ನು, ಅಂದರೆ ಆಟದ ನಡುವೆ ಬದಲಿಯಾಗಿ ಬಂದು ಚೆಂಡೆಸೆಯುವವರನ್ನು, ಕುರಿತು ತಾವು ಶಿರಾದಿಂದ ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಬರುವುದಿಲ್ಲ. ಆದರೆ ತಿದ್ದಿ ಬರೆದರೆ ನಮ್ಮ ಕ್ರೀಡಾಪುಟಕ್ಕೆ ಒಳ್ಳೆಯ ಲೇಖನವಾಗಬಲ್ಲದು ಎನ್ನಿಸಿದ್ದರಿಂದ ಎರಡು ಸಾಲಿನ ವಿಷಾದಪತ್ರದ ಬದಲು ಇದನ್ನು ಬರೆಯುತ್ತಿದ್ದೇನೆ. ತಾವು ಹತ್ತು ಪಿಚರ್‌ಗಳನ್ನು ಅವರ ‘ಸೇವ್’ಗಳ ಲೆಕ್ಕದಲ್ಲಿ ಒಬ್ಬರ ಕೆಳಗೊಬ್ಬರಂತೆ ಜೋಡಿಸಿ, 652 ಸೇವ್‌ಗಳಿರುವ ಮರಿಯಾನೊ ರಿವೇರಾ ಅವರೇ ಎಲ್ಲರಿಗಿಂತ ಮೇಲು ಎಂದು ಮುಗಿಸಿದ್ದೀರಿ. ತೀರ್ಮಾನದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ತೀರ್ಮಾನಕ್ಕೆ ತಾವು ಕೊಟ್ಟ ಕಾರಣದ ಬಗ್ಗೆ.

ಸೇವ್ ಎಂದರೇನೆಂದು ತಾವು ಎಲ್ಲಿಯೂ ಹೇಳಿಲ್ಲ. ಮಧುಗಿರಿಯಲ್ಲೋ ಪಾವಗಡದಲ್ಲೋ ಕುಳಿತು ಪತ್ರಿಕೆ ಓದುವವರು ಟೆನಿಸ್ ಬಾಲ್ ಕ್ರಿಕೆಟ್ಟಿನ ಸೂಕ್ಷ್ಮಗಳನ್ನೆಲ್ಲ ಬಲ್ಲರು, ಬೇಸ್‌ಬಾಲ್‌ನ ಈ ನಿಯಮವನ್ನು ಬಲ್ಲರೆಂದು ನಾವು ಭಾವಿಸುವಂತಿಲ್ಲ. ಷಿಕಾಗೊದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ರೂಪಿಸಿದ ಈ ಲೆಕ್ಕವು 1969ರಲ್ಲಿ ಅಮೆರಿಕದ ಮೇಜರ್ ಲೀಗ್‌ನ ಅಧಿಕೃತ ದಾಖಲೆಗೆ ಸೇರಿತು, ಆಮೇಲೆ ತಿದ್ದುಪಡಿಗಳೂ ಆದವು. ಈಗಿನ ನಿಯಮದಂತೆ, ಗೆದ್ದ ತಂಡದ ಪರವಾಗಿ ಆಟವನ್ನು ಮುಗಿಸುವ ಪಿಚರ್, ಆ ಗೆಲುವು ತನ್ನ ಖಾತೆಗೆ ಸೇರಿರದಿದ್ದರೆ, ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆಯಿರುವಾಗ ಬಂದು ಕನಿಷ್ಠ ಒಂದು ಇನ್ನಿಂಗ್ಸ್, ಅಂದರೆ ಮೂರು ಔಟ್‌ಗಳ ಒಂದು ಸರದಿ, ಎಸೆದರೆ ಅವನಿಗೊಂದು ಸೇವ್ ದೊರೆಯುತ್ತದೆ. ಬೇರೆ ಎರಡು ದಾರಿಗಳೂ ಇವೆ, ಆದರೆ ತಮ್ಮ ಪಟ್ಟಿಯಲ್ಲಿರುವವರ ಸಂಪಾದನೆಯ ಹೆಚ್ಚು ಪಾಲು ಈ ದಾರಿಯದೇ.

ಈ ನಿಯಮವನ್ನು ಕಾಗದದ ಮೇಲೆ ಇಟ್ಟು ನೋಡಿ. ಮೂರು ರನ್‌ಗಳ ಮುನ್ನಡೆ, ರನ್‌ಗಾಗಿ ಓಡುವ ದಾರಿಯ ನೆಲೆಗಳಾದ ಬೇಸ್‌ಗಳ ಮೇಲೆ ಎದುರಾಳಿಗಳು ಯಾರೂ ಇಲ್ಲ, ತೆಗೆಯಬೇಕಾದ ಔಟ್‌ಗಳು ಮೂರು. ಬಂದ ಪಿಚರ್ ಎರಡು ರನ್ ಬಿಟ್ಟುಕೊಟ್ಟು ಆಟ ಮುಗಿಸಿದರೂ ಸೇವ್ ಅವನದೇ, ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಇಡೀ ಪಂದ್ಯಕ್ಕೆ, ಹದಿನೆಂಟು ರನ್ ಕೊಡುವ ವೇಗದಲ್ಲಿ ಎಸೆದವನಿಗೆ ಬಹುಮಾನ! ಅದೇ ಆಟದ ಏಳನೇ ಇನ್ನಿಂಗ್ಸ್‌ನಲ್ಲಿ ಮೂರು ಬೇಸ್‌ಗಳೂ ತುಂಬಿ, ಒಂದೇ ಔಟ್ ಆಗಿದ್ದಾಗ ಬಂದು ಮುಂದಿನ ಇಬ್ಬರನ್ನೂ ಸ್ಟ್ರೈಕ್‌ಔಟ್ ಮಾಡಿದವನಿಗೆ, ಅಂದರೆ ಚೆಂಡನ್ನು ಆಡಗೊಡದೆ ಔಟ್ ಮಾಡಿದವನಿಗೆ, ಸೇವ್ ಇಲ್ಲ. ‘ಹೋಲ್ಡ್’ ಎಂಬ ಸಮಾಧಾನದ ಅಂಕಿಯೊಂದಿದೆ, ಅಷ್ಟೇ. 2007ರಲ್ಲಿ ಕ್ಲೀವ್‌ಲೆಂಡ್ ತಂಡದ ಜೋ ಬೊರೊವ್ಸ್ಕಿ 45 ಸೇವ್‌ಗಳೊಂದಿಗೆ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಮೊದಲಿಗರಾದರು. ಆ ವರ್ಷ ಅವರ ಇ.ಆರ್.ಎ., ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 5.07. ತಾವು ಅವರನ್ನು ಆ ವರ್ಷದ ‘ಅಜೇಯ ಕಾವಲುಗಾರ’ ಎಂದು ಕರೆದಿದ್ದೀರಿ. ಎರಡನೇ ಅಂಕಿಯನ್ನು ನೋಡಿದ್ದರೆ ಖಂಡಿತ ಹಾಗೆ ಬರೆಯುತ್ತಿರಲಿಲ್ಲ.

ಹಾಗಾದರೆ ಇ.ಆರ್.ಎ.ಯನ್ನೇ ನಂಬೋಣವೆಂದರೆ, ‘ಇ.ಆರ್.ಎ. ಎಂದೂ ಸುಳ್ಳು ಹೇಳುವುದಿಲ್ಲ’ ಎಂಬ ತಮ್ಮ ವಾಕ್ಯಕ್ಕೂ ನಾನು ಗೀಟು ಹಾಕಿದ್ದೇನೆ. ಬೇಸ್ ಮೇಲಿದ್ದ ಆಟಗಾರ ರನ್ ಗಳಿಸಿದರೆ ಅದು ಅವನನ್ನು ಬೇಸ್‌ಗೆ ಬಿಟ್ಟ ಪಿಚರ್‌ನ ಲೆಕ್ಕಕ್ಕೆ ಹೋಗುತ್ತದೆಯೇ ಹೊರತು ಆಮೇಲೆ ಬಂದವನ ಲೆಕ್ಕಕ್ಕಲ್ಲ. ರಿಲೀಫ್ ಪಿಚರ್ ಬಂದೊಡನೆ ಒಂದು ಹೊಡೆತಕ್ಕೆ ಹಿಂದಿನವನು ಬಿಟ್ಟುಹೋದ ಮೂವರೂ ರನ್ ಗಳಿಸಿ, ಪಂದ್ಯ ಕೈಬಿಟ್ಟುಹೋದರೂ ಇವನ ಇ.ಆರ್.ಎ. ಕೆಡುವುದಿಲ್ಲ. ಆದ್ದರಿಂದ, ಅವನು ಬಂದಾಗ ಬೇಸ್‌ಗಳ ಮೇಲೆ ಎಷ್ಟು ಜನರಿದ್ದರು, ಅವರಲ್ಲಿ ಎಷ್ಟು ಜನ ರನ್ ಗಳಿಸಿದರು ಎಂಬ ಲೆಕ್ಕ ಲೇಖನದಲ್ಲಿ ಇರಲೇಬೇಕು. ಜೊತೆಗೆ, ರಿಲೀಫ್ ಪಿಚರ್ ಒಂದು ಋತುವಿನಲ್ಲಿ ಸಾಮಾನ್ಯವಾಗಿ ಎಸೆಯುವುದು ಅರುವತ್ತು ಎಪ್ಪತ್ತು ಇನ್ನಿಂಗ್ಸ್ ಮಾತ್ರ. ಅರುವತ್ತು ಇನ್ನಿಂಗ್ಸ್‌ಗೆ ಹದಿನೈದು ರನ್ ಕೊಟ್ಟವನ ಸರಾಸರಿ 2.25. ಮರುದಿನ ಒಂದೇ ಇನ್ನಿಂಗ್ಸ್‌ನಲ್ಲಿ ಐದು ರನ್ ಹೋದರೆ ಅದು 2.95ಕ್ಕೆ ಏರುತ್ತದೆ. ಒಂದು ಸಂಜೆಗೆ ಇಷ್ಟು ಅಲುಗಾಡುವ ಅಂಕಿಯನ್ನು ನೆಚ್ಚಿ ಇಬ್ಬರನ್ನು ಮೇಲೆ ಕೆಳಗೆ ಮಾಡುವುದು ದುಡುಕು.

ಅದಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಎದುರಿಸಿದ ಬ್ಯಾಟರ್‌ಗಳಲ್ಲಿ ಎಷ್ಟು ಪಾಲು ಸ್ಟ್ರೈಕ್‌ಔಟ್ ಆದರು, ಎಷ್ಟು ಪಾಲಿಗೆ ವಾಕ್ (ಗುರಿತಪ್ಪಿದ ನಾಲ್ಕು ಎಸೆತಗಳಿಂದ ಸಿಗುವ ಪುಕ್ಕಟೆ ಬೇಸ್) ಕೊಟ್ಟರು ಎಂಬ ಲೆಕ್ಕ. ಮೂರನೇ ಬೇಸ್‌ನಲ್ಲಿ ಎದುರಾಳಿ ನಿಂತಿದ್ದು ಎರಡಕ್ಕಿಂತ ಕಡಿಮೆ ಔಟ್ ಆಗಿರುವಾಗ, ಚೆಂಡು ಬ್ಯಾಟಿಗೆ ತಾಗಿ ಎತ್ತರಕ್ಕೆ ಹೋಗಿ ಕ್ಯಾಚ್ ಆದರೂ ರನ್ ಬರಬಹುದು. ಬ್ಯಾಟಿಗೆ ತಾಗದಂತೆ ಔಟ್ ಮಾಡಬಲ್ಲವನಿಗೆ ಅಂಥ ಹೊತ್ತಿನಲ್ಲಿ ಬೆಲೆ ಹೆಚ್ಚು.

ಈಗ ಲೇಖನದ ತಿರುಳಾಗಬೇಕಿದ್ದ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಬಾಲ್ಟಿಮೋರ್‌ನ ಜ್ಯಾಕ್ ಬ್ರಿಟನ್ ಸಿಕ್ಕ 47 ಅವಕಾಶಗಳಲ್ಲಿ 47 ಸೇವ್ ಮಾಡಿದ್ದನ್ನು, ಅವರ ಇ.ಆರ್.ಎ. 0.54 ಇದ್ದುದನ್ನು ತಾವು ಬಣ್ಣಿಸಿ ನಿಲ್ಲಿಸಿಬಿಟ್ಟಿದ್ದೀರಿ. ಕಥೆ ಆರಂಭವಾಗುವುದು ಅಲ್ಲಿಂದ. ಅದೇ ವರ್ಷ ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ನಡೆದ ವೈಲ್ಡ್ ಕಾರ್ಡ್ ಪಂದ್ಯದಲ್ಲಿ, ಸೋತವರು ಮನೆಗೆ ಹೋಗಬೇಕಾದ ಆ ಒಂದೇ ಪಂದ್ಯದಲ್ಲಿ, ಎರಡೂ ತಂಡಗಳು ತಲಾ ಎರಡು ರನ್ ಗಳಿಸಿ ಆಟ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋದರೂ ಮ್ಯಾನೇಜರ್ ಬಕ್ ಷೋವಾಲ್ಟರ್ ಬ್ರಿಟನ್‌ರನ್ನು ಕರೆಯಲಿಲ್ಲ. ಬೇರೆ ಊರಿನಲ್ಲಿ ಆಡುವ ತಂಡವು ಮುನ್ನಡೆ ಸಿಗುವವರೆಗೆ ತನ್ನ ಕ್ಲೋಸರ್‌ನನ್ನು, ಅಂದರೆ ಆಟ ಮುಗಿಸಲು ಬರುವ ಪಿಚರ್‌ನನ್ನು, ಉಳಿಸಿಟ್ಟುಕೊಳ್ಳುವುದು ರೂಢಿ, ಏಕೆಂದರೆ ಸೇವ್ ಎಂಬುದು ಹುಟ್ಟುವುದೇ ಮುನ್ನಡೆ ಇದ್ದಾಗ. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಉಬಾಲ್ಡೊ ಹಿಮೆನೆಸ್ ಎಸೆದ ಚೆಂಡನ್ನು ಟೊರಾಂಟೊದ ಎಡ್ವಿನ್ ಎನ್ಕಾರ್ನಾಸಿಯೋನ್ ಮೂರು ರನ್‌ಗಳ ಹೋಮ್ ರನ್ ಆಗಿ ಮೈದಾನದಾಚೆ ಹೊಡೆದು ಪಂದ್ಯ ಮುಗಿಸಿದಾಗ, ಆ ವರ್ಷದ ಅತ್ಯುತ್ತಮ ರಿಲೀಫ್ ಪಿಚರ್ ಪಂದ್ಯದಲ್ಲಿ ಒಂದು ಚೆಂಡನ್ನೂ ಎಸೆಯದೆ ಬುಲ್‌ಪೆನ್‌ನಲ್ಲಿ, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗದಲ್ಲಿ, ಇದ್ದರು. ಅದೇ ಅಕ್ಟೋಬರ್‌ನಲ್ಲಿ ಕ್ಲೀವ್‌ಲೆಂಡ್‌ನ ಟೆರಿ ಫ್ರಾಂಕೋನ ತಮ್ಮ ಬಲಿಷ್ಠ ಪಿಚರ್ ಆಂಡ್ರ್ಯೂ ಮಿಲ್ಲರ್‌ರನ್ನು ಐದನೇ ಇನ್ನಿಂಗ್ಸ್‌ಗೇ ಇಳಿಸಿದ್ದುಂಟು. ಒಂಬತ್ತನೇ ಇನ್ನಿಂಗ್ಸ್ ಹೆಚ್ಚಾಗಿ ಕೋಡಿ ಆಲೆನ್ ಪಾಲಿಗಿತ್ತು. ಆದರೂ ಅಮೆರಿಕನ್ ಲೀಗ್ ಚಾಂಪಿಯನ್‌ಷಿಪ್ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂದದ್ದು ಮಿಲ್ಲರ್‌ಗೆ. ಈ ಎರಡು ಘಟನೆಗಳನ್ನು ಎದುರುಬದುರು ಇಟ್ಟರೆ ತಮ್ಮ ಹತ್ತು ಜನರ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ.

ಯಾವ ಹೊತ್ತು ಎಷ್ಟು ನಿರ್ಣಾಯಕ ಎಂಬುದನ್ನು ಅಳೆಯಲು ಟಾಮ್ ಟ್ಯಾಂಗೊ ರೂಪಿಸಿದ ‘ಲೆವರೇಜ್ ಇಂಡೆಕ್ಸ್’ ಇದೆ. ಸರಾಸರಿ ಸನ್ನಿವೇಶಕ್ಕೆ 1 ಎಂದಿಟ್ಟುಕೊಂಡರೆ, 2 ಎಂದರೆ ಆ ಹೊತ್ತಿನ ಆಟವು ಗೆಲುವಿನ ಸಾಧ್ಯತೆಯನ್ನು ಅದರ ಎರಡರಷ್ಟು ಅತ್ತಿತ್ತ ಮಾಡಬಲ್ಲದು ಎಂದರ್ಥ. ಇದನ್ನು ಬಳಸುವಾಗಲೂ ಎಚ್ಚರ ಬೇಕು. ಕಷ್ಟದ ಹೊತ್ತನ್ನು ಆರಿಸುವವನು ಮ್ಯಾನೇಜರ್, ಪಿಚರ್ ಅಲ್ಲ. ಒಳ್ಳೆಯ ರಿಲೀಫ್ ಪಿಚರ್ ಗಾಯಗೊಂಡರೆ ಅವನ ಜಾಗಕ್ಕೆ ಬರುವವನು ಹೊಸಬನಲ್ಲ, ಅದೇ ಬುಲ್‌ಪೆನ್‌ನ ಎರಡನೆಯವನು. ಹಾಗಾಗಿ ಆ ಹೊತ್ತಿನ ತೂಕವನ್ನೆಲ್ಲ ಒಬ್ಬನ ಹೆಸರಿಗೆ ಬರೆಯುವಂತಿಲ್ಲ.

ತಾವು ಮುಟ್ಟದೆ ಬಿಟ್ಟ ಪ್ರಶ್ನೆಯೊಂದಿದೆ: ಆರಂಭದಿಂದ ಎಸೆಯುವ ಸ್ಟಾರ್ಟರ್‌ಗಳ ಪಕ್ಕದಲ್ಲಿ ಇವರೆಲ್ಲ ಎಲ್ಲಿ ನಿಲ್ಲುತ್ತಾರೆ? ರಿವೇರಾ ಅವರೇ 1995ರಲ್ಲಿ ಹತ್ತು ಪಂದ್ಯಗಳಲ್ಲಿ ಸ್ಟಾರ್ಟರ್ ಆಗಿದ್ದವರು, ಆ ವರ್ಷದ ಅವರ ಇ.ಆರ್.ಎ. 5.51. ಒಂದೇ ಇನ್ನಿಂಗ್ಸ್ ಎಸೆಯುವವನು ಶಕ್ತಿಯನ್ನು ಉಳಿಸಿಕೊಳ್ಳಬೇಕಿಲ್ಲ, ಒಬ್ಬನೇ ಬ್ಯಾಟರ್‌ನನ್ನು ಮತ್ತೆ ಮತ್ತೆ ಎದುರಿಸಬೇಕಿಲ್ಲ. 1992ರಲ್ಲಿ 80 ಇನ್ನಿಂಗ್ಸ್ ಎಸೆದ ಡೆನಿಸ್ ಎಕರ್ಸ್ಲಿ ಅವರಿಗೆ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಜೊತೆಗೆ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಬಂತು. ಅದು ಉದಾರವಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ತಾವು ಒಪ್ಪದಿದ್ದರೆ ಸಂತೋಷ, ಆದರೆ ಏಕೆ ಒಪ್ಪುವುದಿಲ್ಲವೆಂದು ಬರೆಯಿರಿ. ರಿವೇರಾ ಅವರ ಪರವಾಗಿ ವಾದಿಸಲು 652ಕ್ಕಿಂತ ಬಲವಾದ ಅಂಕಿ ಇದೆ: ಋತುವಿನ ನಂತರದ ನಾಕ್‌ಔಟ್ ಹಂತಗಳಲ್ಲಿ ಅವರು ಒಟ್ಟು 141 ಇನ್ನಿಂಗ್ಸ್ ಎಸೆದು 0.70ರ ಇ.ಆರ್.ಎ. ಕಾಯ್ದುಕೊಂಡರು. ಎದುರಿಗೆ ಬಲವಾದ ತಂಡಗಳು, ಕೆಲವು ಸಲ ಎರಡೆರಡು ಇನ್ನಿಂಗ್ಸ್.

ಜಸ್‌ಪ್ರೀತ್ ಬುಮ್ರಾ ಅವರ ಹೋಲಿಕೆ ನಾಲ್ಕು ಕಡೆ ಬಂದಿದೆ, ಒಂದು ಸಾಕು. ಅದೂ ವ್ಯತ್ಯಾಸವನ್ನು ತೋರಿಸಲಿಕ್ಕಾಗಿ ಬರಲಿ: ಟಿ20ಯಲ್ಲಿ ಬುಮ್ರಾ ಮೊದಲ ಓವರ್‌ಗಳಲ್ಲಿ ಎಸೆದು, ವಿಶ್ರಮಿಸಿ, ಹದಿನೆಂಟನೇ ಓವರ್‌ಗೆ ಮರಳಬಹುದು. ಬೇಸ್‌ಬಾಲ್‌ನಲ್ಲಿ ಆಟದಿಂದ ಹೊರಬಂದ ಪಿಚರ್ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಯಾರನ್ನು ಯಾವಾಗ ಇಳಿಸಬೇಕೆಂಬ ನಿರ್ಧಾರ ಅಷ್ಟು ಕಠಿಣವಾಗುವುದು ಇದರಿಂದ. ಒಬ್ಬನೇ ಬ್ಯಾಟರ್‌ಗಾಗಿ ಎಡಗೈ ಪಿಚರ್‌ನನ್ನು ಕರೆಸುವುದನ್ನು ತಾವು ಇಂದಿನ ಪದ್ಧತಿಯೆಂದು ಬರೆದಿದ್ದೀರಿ. 2020ರಿಂದ, ಗಾಯದಂಥ ಕಾರಣಗಳನ್ನು ಬಿಟ್ಟರೆ, ಬಂದವನು ಕನಿಷ್ಠ ಮೂವರನ್ನು ಎದುರಿಸಬೇಕು ಅಥವಾ ತಂಡದ ಆ ಸರದಿಯನ್ನು ಮುಗಿಸಬೇಕು. ‘ಸಿಂಹಗರ್ಜನೆ’, ‘ರಣರಂಗ’, ‘ಕಾಲಭೈರವ’ ಮೊದಲಾದವುಗಳನ್ನು ನಾನೇ ತೆಗೆದಿದ್ದೇನೆ.

ಪಟ್ಟಿಯನ್ನು ಕೈಬಿಟ್ಟು, ಬ್ರಿಟನ್ ಮತ್ತು ಮಿಲ್ಲರ್ ಅವರಿಂದ ಆರಂಭಿಸಿ, ಸೇವ್ ನಿಯಮವನ್ನು ಒಂದು ಪ್ಯಾರಾದಲ್ಲಿ ವಿವರಿಸಿ, ಎಂಟುನೂರು ಪದಗಳೊಳಗೆ ಬರೆದು ಕಳುಹಿಸಿ. ಗುರುತು ಹಾಕಿದ ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ.

ಇಂತಿ,
ಸಂಪಾದಕ, ಕ್ರೀಡಾ ವಿಭಾಗ
ತುಮಕೂರು