ಹತ್ತು ಸಾವಿರ ಉಳಿಸಿ ಬಾಯಿಯಿಲ್ಲದ ಪಿಎಸ್5 ತಂದವನ ಉತ್ತರ

ಗೇಮಿನ ಬೆಲೆ ಐದು ಸಾವಿರಕ್ಕೆ ಹೋಗಿದೆ, ಹಾಗಾಗಿ ಡಿಸ್ಕ್ ಹಾಕಲು ಜಾಗವಿಲ್ಲದ, ಗೇಮನ್ನು ಡೌನ್‌ಲೋಡ್ ಮಾಡಿಯೇ ಆಡಬೇಕಾದ ಅಗ್ಗದ ಪಿಎಸ್5 (ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5) ತೆಗೆದುಕೊಂಡು ಉಳಿದ ಹತ್ತು ಸಾವಿರಕ್ಕೆ ಎರಡು ಗೇಮ್ ಕೊಂಡರೆ ಲಾಭ ಅಲ್ವಾ, ಒಂದು ಗೇಮಿಗೆ ಎಷ್ಟರವರೆಗೆ ಕೊಡಬಹುದು ಅಂತ ಕೇಳಿದ್ದೀರಿ. ಓದಿ ನನಗೆ ನಗು ಬಂತು. ನಿಮ್ಮ ಮೇಲೆ ಅಲ್ಲ. 2021ರಲ್ಲಿ ನಾನು ಇದೇ ಲೆಕ್ಕವನ್ನು ಅಪ್ಪನ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ‘ಲಾಭ 10,000’ ಅಂತ ಬರೆದಿದ್ದೆ. ಆ ಪುಸ್ತಕ ಈಗಲೂ ಮನೆಯಲ್ಲಿ ಉಂಟು. ಅಪ್ಪ ಆ ಪುಟವನ್ನು ಹರಿಯಲು ಬಿಡುವುದಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಕೆಲಸ ಮಂಗಳೂರಿನಲ್ಲಿ, ದಿನಾ ರೈಲು. ಇದರ ಹಿಂದಿನ ಪಿಎಸ್4 ಕಾಲದಲ್ಲಿ ಗೇಮ್ ಆಡುವವರು ನಾವು ಐದು ಜನ ಇದ್ದೆವು. ಉಪ್ಪಳದಲ್ಲಿ ಒಬ್ಬ, ಮಂಜೇಶ್ವರದಲ್ಲಿ ಒಬ್ಬ, ಪೆರ್ಲದಲ್ಲಿ ಇಬ್ಬರು, ನಾನು. ಹೊಸ ಗೇಮ್ ಯಾರಾದರೂ ಒಬ್ಬ ಕೊಳ್ಳುವುದು, ಮುಗಿಸಿದ ಮೇಲೆ ಮುಂದಿನವನಿಗೆ ಕೊಡುವುದು. ಡಿಸ್ಕನ್ನು ಹಳೇ ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೆ ಆಯಿತು. ‘ಎಂತ ಇದು, ಸಿನಿಮಾವಾ?’ ಅಂತ ಅವರು ಕೇಳುತ್ತಿದ್ದರು. ಹೌದು ಅಂತ ಹೇಳುತ್ತಿದ್ದೆವು. ಐದನೆಯವನು ಆಡಿದ ಮೇಲೆ ಅದನ್ನು ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಮಾರಿ, ಬಂದ ದುಡ್ಡನ್ನು ಮುಂದಿನ ಗೇಮಿಗೆ ಹಾಕುವುದು. ಗೇಮ್ ದುಬಾರಿ ಅಂತ ಆ ಕಾಲದಲ್ಲಿ ನನಗೆ ಅನಿಸಿದ್ದೇ ಇಲ್ಲ. ಯಾಕೆ ಅನಿಸಲಿಲ್ಲ ಅಂತ ಯೋಚನೆ ಮಾಡಲಿಲ್ಲವಲ್ಲ, ಅಲ್ಲಿಯೇ ತಪ್ಪಿದ್ದು.

ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಆಗ ಡಿಸ್ಕ್ ಇರುವುದಕ್ಕೆ 49,990, ಇಲ್ಲದ್ದಕ್ಕೆ 39,990. ಆ ವರ್ಷ ಸ್ಟಾಕ್ ಬಂದರೆ ನಿಮಿಷಗಳಲ್ಲಿ ಖಾಲಿ. ಎರಡು ಸಲ ತಪ್ಪಿಹೋಗಿ, ಮೂರನೇ ಸಲ ಎರಡೂ ಮಾಡೆಲ್ ಕಣ್ಣಮುಂದೆ ಬಂದಾಗ ನಾನು ಒತ್ತಿದ್ದು ಅಗ್ಗದ್ದನ್ನು. ಕೈ ಜಾರಿ ಅಲ್ಲ. ಲೆಕ್ಕ ಹಾಕಿಯೇ ಒತ್ತಿದ್ದು. ನಮ್ಮ ಪಿನ್‌ಕೋಡಿಗೆ ತಲುಪಿಸುವುದಿಲ್ಲ ಅಂದದ್ದಕ್ಕೆ ಮಂಗಳೂರಿನ ಸಹೋದ್ಯೋಗಿಯ ವಿಳಾಸ ಕೊಟ್ಟೆ. ಅದು ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಕೋವಿಡ್‌ನ ಆರ್‌ಟಿಪಿಸಿಆರ್ ರಿಪೋರ್ಟ್ ಕೇಳುತ್ತಿದ್ದ ಕಾಲ. ಒಂದು ಪೆಟ್ಟಿಗೆ ತರಲು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹೋಗಿ ಬಂದೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಕೊಂಡದ್ದು ‘ಹೊರೈಝನ್ ಫರ್ಬಿಡನ್ ವೆಸ್ಟ್’. 2022ರ ಫೆಬ್ರವರಿ. 4,999 ರೂಪಾಯಿ. ಅದರಲ್ಲೂ ಒಂದು ದಡ್ಡತನ ಮಾಡಿದೆ. ಅದೇ ಗೇಮಿನ ಪಿಎಸ್4 ಆವೃತ್ತಿ 3,999ಕ್ಕೆ ಇತ್ತು, ಅದನ್ನು ಕೊಂಡವರಿಗೆ ಪಿಎಸ್5 ಆವೃತ್ತಿ ಉಚಿತ. ನೋಡದೆ ಸಾವಿರ ಜಾಸ್ತಿ ಕೊಟ್ಟೆ. ಅದು ಹೋಗಲಿ.

ಆ ವರ್ಷ ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ಉಪ್ಪಳದ ಗೆಳೆಯನ ಇಚ್ಚ, ಅಂದರೆ ಅಣ್ಣ, ದುಬೈಯಿಂದ ಬಂದಿದ್ದರು. ಹಬ್ಬ ಕಳೆದು ಎರಡು ದಿನಕ್ಕೆ ಗೆಳೆಯ ನಮ್ಮ ಮನೆಗೆ ಬಂದ. ಒಂದು ಕೈಯಲ್ಲಿ ಬಿರಿಯಾನಿ ಡಬ್ಬ, ಇನ್ನೊಂದರಲ್ಲಿ ಎರಡು ಡಿಸ್ಕ್. ‘ಇಚ್ಚ ಆಡಿ ಮುಗಿಸಿದ್ದು, ನಾವು ತಿರುಗಿಸುವ’ ಅಂದ. ಮೇಲಿದ್ದ ಡಿಸ್ಕ್ ಅದೇ ಹೊರೈಝನ್. ನಾನು ಏನೂ ಹೇಳಲಿಲ್ಲ. ಅವನು ಡಿಸ್ಕ್ ತೆಗೆದು, ಅಂಚು ಹಿಡಿದುಕೊಂಡು, ಟಿವಿ ಕೆಳಗಿದ್ದ ಕನ್ಸೋಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಎಡಗಡೆ ನೋಡಿದ. ಬಲಗಡೆ ನೋಡಿದ. ಮೊಬೈಲ್ ಟಾರ್ಚ್ ಹಾಕಿ ಕೆಳಗಿನಿಂದ ಮೇಲಿನವರೆಗೆ ಬೆರಳಾಡಿಸಿದ. ಆಮೇಲೆ ತಿರುಗಿ ಕೇಳಿದ: ‘ಇದಕ್ಕೆ ಬಾಯಿ ಎಲ್ಲಿ ಮಾರಾಯಾ?’

ಅಮ್ಮ ಹಲಸಿನ ಹಪ್ಪಳ ತಂದಿಟ್ಟು, ‘ಹಾಳಾಯಿತಾ?’ ಅಂತ ಕೇಳಿದರು. ಇಲ್ಲ ಅಮ್ಮ, ಅದು ಹಾಗೇ ಬರುವುದು ಅಂದೆ. ‘ನಲುವತ್ತು ಸಾವಿರ ಕೊಟ್ಟು ಬಾಯಿಯಿಲ್ಲದ್ದನ್ನು ತಂದದ್ದಾ?’ ಅಂತ ಒಳಗೆ ಹೋದರು.

ಅವತ್ತಿನಿಂದ ಆ ಐದು ಜನರ ಸುತ್ತಿನಲ್ಲಿ ನಾನಿಲ್ಲ. ಯಾರೂ ಹೊರಗೆ ಹಾಕಲಿಲ್ಲ. ನನ್ನ ಹತ್ತಿರ ಕೊಡುವುದಕ್ಕೂ ಏನಿಲ್ಲ, ತೆಗೆದುಕೊಂಡರೆ ಹಾಕುವುದಕ್ಕೂ ಜಾಗವಿಲ್ಲ.

ಮುಂದಿನ ಎರಡು ವರ್ಷದಲ್ಲಿ ಇನ್ನೂ ಮೂರು ಗೇಮ್ ಕೊಂಡೆ: ‘ಗಾಡ್ ಆಫ್ ವಾರ್ ರಾಗ್ನರಾಕ್’, ‘ಸ್ಪೈಡರ್‌ಮ್ಯಾನ್ 2’, ಮತ್ತೆ ಒಂದು ಕಾರ್ ರೇಸ್ ಗೇಮ್. ನಾಲ್ಕೂ 4,999. ಒಟ್ಟು 19,996. ಅದರಲ್ಲಿ ವಾಪಸ್ ಬಂದದ್ದು ಸೊನ್ನೆ. ಪೆರ್ಲದ ಗೆಳೆಯ ಇದೇ ರಾಗ್ನರಾಕನ್ನು ಡಿಸ್ಕಿನಲ್ಲಿ ಕೊಂಡು, ಒಂದು ತಿಂಗಳು ಆಡಿ, ಇಬ್ಬರಿಗೆ ಕೊಟ್ಟು, ಕೊನೆಗೆ 3,200ಕ್ಕೆ ಮಾರಿದ. ಅವನ ಕೈಯಿಂದ ಹೋದದ್ದು 1,799. ನನ್ನ ಕೈಯಿಂದ ಹೋದದ್ದು 4,999. ಇಬ್ಬರೂ ಆಡಿದ್ದು ಒಂದೇ ಗೇಮ್. ಅದರೊಳಗೆ ಕೊಡಲಿ ಬೀಸಿದ್ದೂ ಒಂದೇ ರೀತಿ. ಮಾರಿದರೆ ಒಂದೊಂದಕ್ಕೆ ಮೂರು ಸಾವಿರ ಬರುತ್ತಿತ್ತು ಅಂತ ಹಿಡಿದರೂ ನಾಲ್ಕು ಗೇಮಿಗೆ ನಾನು ಕಳೆದುಕೊಂಡದ್ದು 12,000. ಹತ್ತು ಸಾವಿರ ಉಳಿಸಲು ಹನ್ನೆರಡು ಸಾವಿರ! ಸುತ್ತಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಗೇಮುಗಳ ಲೆಕ್ಕ ಬೇರೆ.

ಇನ್ನೊಂದು ಉಂಟು. ಡಿಸ್ಕ್ ಆದರೆ ಹತ್ತು ಅಂಗಡಿಯಲ್ಲಿ ಇರುತ್ತದೆ. ಒಬ್ಬನಿಗೆ ಸ್ಟಾಕ್ ಖಾಲಿ ಮಾಡಬೇಕಿರುತ್ತದೆ, ಇನ್ನೊಬ್ಬ ದೀಪಾವಳಿಗೆ ಇಳಿಸುತ್ತಾನೆ, ಮತ್ತೊಬ್ಬನ ಹತ್ತಿರ ಚೌಕಾಸಿ ಮಾಡಬಹುದು. ಬಾಯಿಯಿಲ್ಲದ ಕನ್ಸೋಲಿಗೆ ಒಂದೇ ಅಂಗಡಿ, ಸೋನಿಯ ಆನ್‌ಲೈನ್ ಪ್ಲೇಸ್ಟೇಷನ್ ಸ್ಟೋರ್. ಅವರು ಇಳಿಸಿದಾಗ ಮಾತ್ರ ಇಳಿಯುತ್ತದೆ. ವಾಪಸ್ ಕೊಡುವುದೂ ಕಷ್ಟ. ಪ್ಲೇಸ್ಟೇಷನ್ ಸ್ಟೋರಿನಲ್ಲಿ ಹದಿನಾಲ್ಕು ದಿನದ ಒಳಗೆ ರಿಫಂಡ್ ಕೇಳಬಹುದು, ಆದರೆ ಡೌನ್‌ಲೋಡ್ ಶುರು ಮಾಡಿರಬಾರದು. ಆಡದೆ ಇಷ್ಟವಾಗಲಿಲ್ಲ ಅಂತ ಹೇಗೆ ಗೊತ್ತಾಗುವುದು? ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಈ ವಿಷಯದಲ್ಲಿ ವಾಸಿ. ಹದಿನಾಲ್ಕು ದಿನದ ಒಳಗೆ ಕೇಳಿದರೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೊಡುತ್ತದೆ.

ಆ ಕಾರ್ ರೇಸಿನ ಕಥೆ ಕೇಳಿ. ಒಬ್ಬನೇ ಆಡುವುದಕ್ಕೂ ಅದಕ್ಕೆ ಇಂಟರ್ನೆಟ್ ಬೇಕು. ನಮ್ಮೂರಿನಲ್ಲಿ ಗುಡುಗು ಶುರುವಾದರೆ ಮೊದಲು ರೂಟರಿನ ಪ್ಲಗ್ ತೆಗೆಯುವುದು, ಆಮೇಲೆ ಬಟ್ಟೆ ಒಳಗೆ ತರುವುದು. ಎರಡು ರೂಟರ್ ಸುಟ್ಟ ಮೇಲೆ ಕಲಿತದ್ದು. ಹಾಗಾಗಿ ಮಳೆಗಾಲದ ಸಂಜೆ, ಆಡಲು ಪುರುಸೊತ್ತು ಇರುವ ಹೊತ್ತಿನಲ್ಲೇ, ಆ ಗೇಮ್ ಸುಮ್ನೆ ಕೂತಿರುತ್ತಿತ್ತು. ಅದನ್ನು ಮಾರಲಿಕ್ಕೂ ಆಗಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಕೊಳ್ಳುವ ಮೊದಲು ಓದದ ನನ್ನದೇ.

ಈಗ ನಿಮ್ಮ ಪ್ರಶ್ನೆ. ಒಂದು ಗೇಮಿಗೆ ಎಷ್ಟರವರೆಗೆ ಕೊಡಬಹುದು? ನನ್ನ ಪ್ರಕಾರ ಪ್ರಶ್ನೆಯೇ ಸರಿಯಿಲ್ಲ. ಎಷ್ಟು ಕೊಟ್ಟೆ ಅಂತ ನೋಡಬೇಡಿ, ಎಷ್ಟು ವಾಪಸ್ ಬರುತ್ತದೆ ಅಂತ ನೋಡಿ. ಐದು ಸಾವಿರದ ಡಿಸ್ಕ್, ಮೂರೂವರೆಗೆ ಮಾರಿ ಹೋದರೆ, ಅದು ಒಂದೂವರೆ ಸಾವಿರದ ಗೇಮ್. ಸೇಲಿನಲ್ಲಿ ಎರಡೂವರೆಗೆ ಸಿಕ್ಕಿದ ಡಿಜಿಟಲ್ ಗೇಮ್ ಎರಡೂವರೆ ಸಾವಿರದ್ದೇ. ಯಾವುದು ಅಗ್ಗ ನೀವೇ ಹೇಳಿ.

ಬೆಲೆ ಏರಿಲ್ಲ ಅಂತ ನಾನು ಹೇಳುವುದಿಲ್ಲ. ಇಂಟರ್ನೆಟ್‌ನಲ್ಲಿ ಕೆಲವರು ಬರುತ್ತಾರೆ, 1990ರಲ್ಲಿ ಅಮೆರಿಕದಲ್ಲಿ ಕಾರ್ಟ್ರಿಜ್ 50 ಡಾಲರ್ ಇತ್ತು, ಹಣದುಬ್ಬರ ಲೆಕ್ಕ ಹಾಕಿದರೆ ಈಗಿನ ಗೇಮ್ ಅಗ್ಗ ಅಂತ. ಅವರಿಗೆ ಅಗ್ಗ ಇರಬಹುದು. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಅಲ್ಲಿ ಗೇಮಿಗೆ 60 ಡಾಲರ್ ಆಯಿತು. ಆಗ ಡಾಲರಿಗೆ ಸುಮಾರು 45 ರೂಪಾಯಿ. ನೇರ ಲೆಕ್ಕದಲ್ಲಿ 2,700. ಹದಿನೈದು ವರ್ಷ ಆ 60 ಡಾಲರ್ ಅಲ್ಲಾಡಲಿಲ್ಲ, 2020ರಲ್ಲಿ 70 ಆಯಿತು. ಹತ್ತು ಡಾಲರ್ ಏರಿತು ಅಂತ ಅವರು ಬೊಬ್ಬೆ ಹಾಕಿದರು. ನಮಗೆ ಗೇಮೂ ಏರಿತು, ಡಾಲರೂ ಏರಿತು. 85 ರೂಪಾಯಿಯ ಲೆಕ್ಕದಲ್ಲಿ ಆ ಹಳೇ 60 ಡಾಲರೇ 5,100 ಆಗುತ್ತದೆ. ಅಪ್ಪನ ಲೆಕ್ಕ ಇನ್ನೂ ಸುಲಭ. ನಾನು ಆ ಗೇಮುಗಳನ್ನು ಕೊಳ್ಳುವಾಗ ಒಂದಕ್ಕೆ ಹೆಚ್ಚುಕಡಿಮೆ ಹತ್ತು ಕಿಲೋ ಅಡಿಕೆ. ‘ಹತ್ತು ಕಿಲೋ ಸುಲಿಯಲು ಎಷ್ಟು ಹೊತ್ತು ಬೇಕು ಗೊತ್ತುಂಟಾ ನಿನಗೆ?’ ಗೊತ್ತಿಲ್ಲ ಅಪ್ಪ, ನಾನು ಸುಲಿದವನಲ್ಲ.

ಬೇಡ ಅಂದರೆ ಬೆಲೆ ಇಳಿಯುತ್ತದೆ ಅನ್ನುವುದೂ ನಿಜ. 2025ರಲ್ಲಿ ನಿಂಟೆಂಡೊ ಕಂಪನಿಯ ‘ಮಾರಿಯೊ ಕಾರ್ಟ್ ವರ್ಲ್ಡ್’ 80 ಡಾಲರಿಗೆ ಬಂತು. ಅದನ್ನು ನೋಡಿ ಮೈಕ್ರೋಸಾಫ್ಟ್ ‘ದಿ ಔಟರ್ ವರ್ಲ್ಡ್ಸ್ 2’ಕ್ಕೂ 80 ಡಾಲರ್ ಅಂದಿತು. ಜನ ಬೈದರು. ಜುಲೈ ತಿಂಗಳಲ್ಲಿ ಅದು 70ಕ್ಕೆ ಇಳಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಹಾಲೊ ನೈಟ್ ಸಿಲ್ಕ್‌ಸಾಂಗ್’ 20 ಡಾಲರಿಗೆ ಬಂದಾಗ ನೂಕುನುಗ್ಗಲಿಗೆ ಸ್ಟೀಮ್ ಸ್ವಲ್ಪ ಹೊತ್ತು ಕೈಕೊಟ್ಟಿತು.

ಗೇಮ್ ಕೊಳ್ಳದೆ ತಿಂಗಳ ಚಂದಾ ಕಟ್ಟಿ ಆಡಿದರೆ ಹೇಗೆ ಅಂತಲೂ ಕೇಳಿದ್ದೀರಿ. ನನಗೆ ಆಗುವುದಿಲ್ಲ. ಎಕ್ಸ್‌ಬಾಕ್ಸಿನವರ ಅಂಥ ಚಂದಾ, ಗೇಮ್ ಪಾಸ್ ಅಲ್ಟಿಮೇಟ್, ಅಮೆರಿಕದಲ್ಲಿ 2025ರ ಅಕ್ಟೋಬರಿನಲ್ಲಿ ಒಂದೇ ಏಟಿಗೆ 20 ಡಾಲರಿನಿಂದ 30ಕ್ಕೆ ಹೋಯಿತು. ತಿಂಗಳಿಗೆ ನಾಲ್ಕು ಭಾನುವಾರ ಆಡುವವನಿಗೆ ಅದು ಜಿಮ್ಮಿಗೆ ದುಡ್ಡು ಕಟ್ಟಿದ ಹಾಗೆ.

ಲಾಂಚ್ ದಿನವೇ ಬೇಕು ಅನ್ನುವ ಚಟ ಇದ್ದರೆ ‘ಸೈಬರ್‌ಪಂಕ್ 2077’ ನೆನಪಿಸಿಕೊಳ್ಳಿ. 2020ರ ಡಿಸೆಂಬರ್ 10ಕ್ಕೆ ಬಂತು, ಒಂದು ವಾರದಲ್ಲೇ ಸೋನಿ ಅದನ್ನು ಸ್ಟೋರಿನಿಂದ ತೆಗೆದುಹಾಕಿತು, ಅಷ್ಟು ಕೆಟ್ಟಿತ್ತು. ತಾಳ್ಮೆಯಿಂದ ಕಾದವರು ಅರ್ಧ ಬೆಲೆಗೆ ರಿಪೇರಿಯಾದ ಗೇಮ್ ಆಡಿದರು. ಪೂರ್ತಿ ದುಡ್ಡು ಕೊಟ್ಟವರು ಅದನ್ನು ಪುಕ್ಕಟೆಯಾಗಿ ಟೆಸ್ಟ್ ಮಾಡಿಕೊಟ್ಟರು.

ಹಾಗಾಗಿ ಡಿಸ್ಕ್ ಇರುವುದನ್ನೇ ತೆಗೆದುಕೊಳ್ಳಿ. ಈಗ ದುಡ್ಡು ಸಾಲದಿದ್ದರೆ ಎರಡು ತಿಂಗಳು ಕಾಯಿರಿ, ಗೇಮ್ ಎಲ್ಲಿಗೂ ಓಡಿಹೋಗುವುದಿಲ್ಲ. ಈಗಿನ ಸ್ಲಿಮ್ ಮಾಡೆಲಿಗೆ ಡಿಸ್ಕ್ ಡ್ರೈವನ್ನು ಆಮೇಲೆ ಸಿಕ್ಕಿಸಬಹುದು ಅಂತ ಯಾರಾದರೂ ಹೇಳುತ್ತಾರೆ. ಸಿಕ್ಕಿಸಬಹುದು, ನಿಜ. ಆದರೆ ಆಮೇಲೆ ಮಾಡುತ್ತೇನೆ ಅಂದವರು ಎಷ್ಟು ಜನ ಮಾಡಿದ್ದಾರೆ? ನನ್ನ ಹಳೇ ಮಾಡೆಲಿಗಂತೂ ಆ ದಾರಿಯೂ ಇರಲಿಲ್ಲ.

ಗಲ್ಫಿನಿಂದ ಡಿಸ್ಕ್ ತರಿಸುವುದಾದರೆ ಒಂದು ಮಾತು. ಅಲ್ಲಿನ ಅಂಗಡಿಗಳಲ್ಲಿ ಅಮೆರಿಕದ ಡಿಸ್ಕೂ ಸಿಗುತ್ತದೆ, ಬೇರೆ ಪ್ರಾಂತ್ಯದ್ದೂ ಸಿಗುತ್ತದೆ. ಗೇಮ್ ಯಾವುದಾದರೂ ನಡೆಯುತ್ತದೆ. ಆದರೆ ಅಮೆರಿಕದ ಡಿಸ್ಕಿಗೆ ಭಾರತದ ಅಕೌಂಟಿನಿಂದ ಎಕ್ಸ್‌ಟ್ರಾ ಭಾಗ ಕೊಂಡರೆ ಅದು ಕೂಡಿಕೊಳ್ಳುವುದಿಲ್ಲ. ಮಂಜೇಶ್ವರದವನು ಹಾಗೆ 1,500 ಕಳೆದುಕೊಂಡು ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ.

2024ರಲ್ಲಿ ನಾನು ಬಾಯಿಯಿಲ್ಲದ್ದನ್ನು ಕಾಞಂಗಾಡಿನ ಒಬ್ಬ ಹುಡುಗನಿಗೆ ಮಾರಿದೆ. ಡಿಸ್ಕ್ ಹಾಕಲು ಆಗುವುದಿಲ್ಲ ಅಂತ ಮೂರು ಸಲ ಹೇಳಿದೆ. ‘ಪರವಾಗಿಲ್ಲ ಅಣ್ಣಾ, ಉಳಿದ ದುಡ್ಡಿಗೆ ಗೇಮ್ ತೆಗೆಯುತ್ತೇನೆ’ ಅಂದ. ನಾಲ್ಕನೇ ಸಲ ಹೇಳಲು ನನಗೆ ಮನಸ್ಸು ಬರಲಿಲ್ಲ, ದುಡ್ಡು ಬೇಕಿತ್ತು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಡಿಸ್ಕ್ ಇರುವ ಸ್ಲಿಮ್ ತಂದೆ. ಅಮ್ಮ ಬಂದು ಬಗ್ಗಿ ನೋಡಿ, ಬಾಯಿ ಉಂಟು ಅಂತ ಖಾತ್ರಿ ಮಾಡಿಕೊಂಡು ಹೋದರು. ಅದಕ್ಕೆ ಮೊದಲು ಹಾಕಿದ್ದು 2,300ಕ್ಕೆ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿದ ‘ಆಸ್ಟ್ರೊ ಬಾಟ್’. ಆ ಡಿಸ್ಕ್ ಈಗ ಪೆರ್ಲದಲ್ಲಿ ಉಂಟು. ಸೋಮವಾರದ ಬಸ್ಸಿನಲ್ಲಿ ಕಳಿಸುತ್ತೇನೆ ಅಂದಿದ್ದಾನೆ, ಮೂರನೇ ಸೋಮವಾರ ಇದು.