ಕಿಡ್ನಿ ಮಾರಿದರೂ ತೀರದ ಸಾಲ

ಓದುಗರ ಪತ್ರ: ನಮ್ಮಣ್ಣನಿಗೆ 41 ವರ್ಷ. ಎರಡೂ ಕಿಡ್ನಿ ಹೋಗಿವೆ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅತ್ತಿಗೆ ಕೊಡಲು ಮುಂದೆ ಬಂದರು, ರಕ್ತದ ಗುಂಪು ಹೊಂದಲಿಲ್ಲ. ಈಗ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಕೊಡುವವರು ರೆಡಿ ಇದ್ದಾರೆ, ಅವರಿಗೂ ದುಡ್ಡಿನ ಕಷ್ಟ, ಕಸಿಗೆ ಅನುಮತಿ ಕೊಡುವ ಕಮಿಟಿಯದೆಲ್ಲ ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಕಳೆದ ಸಂಚಿಕೆಯಲ್ಲಿ ನೀವು ಇಂಥದ್ದನ್ನು ಮಾನವ ಕಳ್ಳಸಾಗಣೆ ಎಂದು ಬರೆದಿರಿ. ಒಪ್ಪಿಕೊಂಡೇ ಬಂದವರನ್ನು ಸಾಗಿಸಿದರು ಅಂತ ಹೇಗೆ ಹೇಳುತ್ತೀರಿ? ಒಬ್ಬರ ಜೀವ ಉಳಿಯುತ್ತೆ, ಇನ್ನೊಬ್ಬರ ಸಾಲ ತೀರುತ್ತೆ. ಸರ್ಕಾರವೇ ರೇಟು ಕಟ್ಟಿ ಕಾನೂನು ಮಾಡಿದರೆ ಮೋಸವೂ ನಿಲ್ಲುತ್ತೆ ಅಲ್ವಾ?
(ಹೆಸರು ಬೇಡವೆಂದ ಓದುಗರು, ದಾವಣಗೆರೆ)

ಸಂಪಾದಕರ ಉತ್ತರ:

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಡಯಾಲಿಸಿಸ್ ಇರುವ ಮನೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು. ಬೇಸಿಗೆಯಲ್ಲಿ ಬಾಯಾರಿದರೆ ಐಸ್ ತುಂಡು ಚೀಪಬೇಕು. ಮೆಷಿನ್ ಪಕ್ಕದಲ್ಲಿ ನಾಲ್ಕು ಗಂಟೆ ಮಲಗಿ ಎದ್ದವರಿಗೆ ಬಸ್‌ಸ್ಟ್ಯಾಂಡ್ ತನಕ ನಡೆಯಲೂ ಕಾಲು ಬರುವುದಿಲ್ಲ. ಅಂಥ ಮನೆಗೆ ಏಜೆಂಟ್ ಬಂದರೆ ಅವನು ದೇವರ ಹಾಗೆ ಕಾಣುತ್ತಾನೆ. ಅದು ನನಗೆ ಅರ್ಥವಾಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ಕಿಡ್ನಿ ಕೊಡುವವರ ಬಗ್ಗೆ ಇರುವುದು ಒಂದೇ ಮಾತು, "ಅವರಿಗೂ ದುಡ್ಡಿನ ಕಷ್ಟ" ಅಂತ. ಅವರು ಗಂಡಸೋ ಹೆಂಗಸೋ ಎನ್ನುವುದೂ ಇಲ್ಲ. ಅದಕ್ಕೇ ನಾನು ಕಂಡ ಒಬ್ಬರ ವಿಷಯ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ರಾಮನಗರದ ಕಡೆ ಒಂದು ಊರಿಗೆ ಹೋಗಿದ್ದೆ. ಆಕೆ ರೇಷ್ಮೆ ಬಿಚ್ಚಾಣಿಕೆ ಕೆಲಸದವರು. ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿ ಗೂಡಿನಿಂದ ನೂಲು ತೆಗೆಯುವ ಕೆಲಸ. ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿತ್ತು. ಮಾತಾಡುತ್ತಾ ಸೆರಗು ಸರಿಸಿ ಪಕ್ಕೆ ತೋರಿಸಿದರು. ಹೊಟ್ಟೆಯ ಬದಿಯಿಂದ ಬೆನ್ನಿನ ಕಡೆಗೆ ಒಂದು ಗೇಣಿಗಿಂತ ಜಾಸ್ತಿ ಉದ್ದದ ಹೊಲಿಗೆಯ ಗುರುತು. ತುಂಬಿದ ಬಿಂದಿಗೆ ಎತ್ತಲು ಅವರಿಗೆ ಆಗುತ್ತಿರಲಿಲ್ಲ. ಮಗಳು ಶಾಲೆಗೆ ಹೋಗುವ ಮೊದಲು ನಾಲ್ಕು ಬಿಂದಿಗೆ ನೀರು ತಂದಿಟ್ಟು ಹೋಗುತ್ತಿದ್ದಳು.

ಅವರೂ "ಒಪ್ಪಿಕೊಂಡೇ" ಹೋದವರು. ಸಂಘದ ಕಂತು ಕಟ್ಟದಿದ್ದರೆ ವಸೂಲಿಯವರು ಬಾಗಿಲ ಮುಂದೆ ಬಂದು ಕೂರುತ್ತಿದ್ದ ದಿನಗಳವು. ಆಗಲೇ ಪರಿಚಯದ ಹೆಂಗಸೊಬ್ಬಳು ಏಜೆಂಟನನ್ನು ಕರೆತಂದಳು. ಅವಳೂ ಮೊದಲೇ ಕಿಡ್ನಿ ಕೊಟ್ಟವಳು. ಸಿಟಿಯಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಹದಿನೈದು ದಿನ ಇಟ್ಟುಕೊಂಡರು. ಫೋನ್ ಏಜೆಂಟನ ಕೈಯಲ್ಲಿ. ಕಮಿಟಿ ಮುಂದೆ ಏನು ಹೇಳಬೇಕು ಎಂದು ಪಾಠ ಹೇಳಿಕೊಟ್ಟರು. "ನಮ್ಮ ಚಿಕ್ಕಪ್ಪನ ಮಗ, ಚಿಕ್ಕಂದಿನಲ್ಲಿ ನಾನೇ ಎತ್ತಿ ಆಡಿಸಿದ್ದೀನಿ" ಅನ್ನಬೇಕು. ಆ ಮನುಷ್ಯನನ್ನು ಆಕೆ ನೋಡಿದ್ದೇ ಎರಡು ಸಲ. ನಡುವೆ ಒಂದು ದಿನ ಹೆದರಿಕೆಯಾಗಿ "ಬೇಡ, ಮನೆಗೆ ಹೋಗ್ತೀನಿ" ಎಂದರಂತೆ. ಟೆಸ್ಟಿಗೆ ಇಷ್ಟು ಖರ್ಚಾಗಿದೆ, ಅದನ್ನು ಇಟ್ಟು ಹೋಗು ಅಂದರಂತೆ.

ಕಳ್ಳಸಾಗಣೆ ಎಂದು ಬರೆದದ್ದು ಇದನ್ನೇ. ಕೈಕಾಲು ಕಟ್ಟಿ ಲಾರಿಯಲ್ಲಿ ಹಾಕಿಕೊಂಡು ಹೋದರೆ ಮಾತ್ರ ಅದು ಸಾಗಣೆ ಎಂದು ನಾವು ಅಂದುಕೊಂಡಿದ್ದೇವೆ. 2000ದಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದದಲ್ಲಿ ಮೋಸ ಮಾಡಿ ಅಥವಾ ಒಬ್ಬರ ಅಸಹಾಯಕತೆಯನ್ನು ಬಳಸಿಕೊಂಡು ಅಂಗ ತೆಗೆಯಲು ಕರೆದೊಯ್ಯುವುದೂ ಮಾನವ ಕಳ್ಳಸಾಗಣೆಯೇ. ನಮ್ಮಲ್ಲಿ 2013ರಲ್ಲಿ ದಂಡ ಸಂಹಿತೆಯ 370ನೇ ಸೆಕ್ಷನ್‌ಗೆ ಬಲವಂತದ ಅಂಗ ತೆಗೆಯುವಿಕೆ ಸೇರಿತು. ಸಾಗಣೆಗೊಳಗಾದವರು ಒಪ್ಪಿದ್ದರು ಎಂಬ ಮಾತು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇವತ್ತಿನ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ನೂ ಅದನ್ನೇ ಹೇಳುತ್ತದೆ.

ಈಗ ನಿಮ್ಮ ಮುಖ್ಯವಾದ ಮಾತಿಗೆ ಬರೋಣ. "ಇನ್ನೊಬ್ಬರ ಸಾಲ ತೀರುತ್ತೆ" ಅಂದಿರಿ. ತೀರುತ್ತದಾ? ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು ಮಾತಾಡಿಸಿ ಮಾಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 96 ಮಂದಿ ಕಿಡ್ನಿ ಮಾರಿದ್ದು ಸಾಲ ತೀರಿಸಲು. ವರ್ಷಗಳು ಕಳೆದ ಮೇಲೆ ಕೇಳಿದಾಗಲೂ ನಾಲ್ವರಲ್ಲಿ ಮೂವರು ಇನ್ನೂ ಸಾಲದಲ್ಲೇ ಇದ್ದರು. ಮನೆಯ ಆದಾಯ ಮೊದಲಿಗಿಂತ ಮೂರನೇ ಒಂದು ಭಾಗ ಇಳಿದಿತ್ತು. ನೂರಕ್ಕೆ 86 ಮಂದಿ ಆರೋಗ್ಯ ಕೆಟ್ಟಿತು ಎಂದರು. ಕೊಡುತ್ತೇವೆ ಎಂದಿದ್ದ ದುಡ್ಡೂ ಪೂರ್ತಿ ಕೈಗೆ ಸಿಕ್ಕಿರಲಿಲ್ಲ. ನೀನೂ ಮಾರು ಎಂದು ಇನ್ನೊಬ್ಬರಿಗೆ ಹೇಳುತ್ತೀರಾ ಎಂದರೆ ನೂರಕ್ಕೆ 79 ಮಂದಿ ಹೇಳುವುದಿಲ್ಲ ಎಂದರು.

ಕಾರಣ ಕಷ್ಟದ್ದೇನಲ್ಲ. ಕಿಡ್ನಿ ಮಾರುವವರ ಬಳಿ ಇರುವುದು ಮೈಬಲ ಒಂದೇ. ಇಟ್ಟಿಗೆ ಹೊರಬೇಕು, ಮಗ್ಗದಲ್ಲಿ ಕೂರಬೇಕು, ಬಿಂದಿಗೆ ಎತ್ತಬೇಕು. ಮನೆಯವರಿಗಾಗಿ ಕೊಟ್ಟ ದಾನಿಗೆ ಆಮೇಲೆ ವಿಶ್ರಾಂತಿ ಸಿಗುತ್ತದೆ, ವರ್ಷ ವರ್ಷ ಚೆಕಪ್ ಆಗುತ್ತದೆ. ಮಾರಿದವರನ್ನು ಡಿಸ್ಚಾರ್ಜ್ ಆದ ಮೇಲೆ ಯಾರೂ ಕೇಳುವುದಿಲ್ಲ. ರಾಮನಗರದ ಆ ತಾಯಿಯನ್ನು ಸಾಲ ತೀರಿತಾ ಎಂದು ಕೇಳಿದಾಗ ದಿಂಬಿನ ಕೆಳಗಿಂದ ಸಂಘದ ಪಾಸ್‌ಬುಕ್ ತೆಗೆದರು. ಮೂರಿದ್ದವು. "ಹಳೇದು ತೀರಿಸ್ದೆ ಸಾರ್. ಮೈಯಲ್ಲಿ ಶಕ್ತಿ ಇರ್ಲಿಲ್ಲ, ಕೆಲ್ಸ ನಿಂತೋಯ್ತು, ಮತ್ತೆ ತಗೊಂಡೆ" ಎಂದರು.

ಸರ್ಕಾರವೇ ರೇಟು ಕಟ್ಟಲಿ ಅನ್ನುತ್ತೀರಿ. ಇರಾನ್ 1988ರಿಂದ ಅದನ್ನೇ ಮಾಡಿದೆ. ದುಡ್ಡಿಗೆ ಕಿಡ್ನಿ ಕೊಡುವುದನ್ನು ಕಾನೂನು ಒಪ್ಪಿರುವುದು ಅಲ್ಲಿ ಮಾತ್ರ. ಅಲ್ಲೂ ಮಾರುವವರು ಬಡವರೇ. ಟೆಹ್ರಾನಿನ ಆಸ್ಪತ್ರೆಗಳ ಬೀದಿಯ ಗೋಡೆಗಳ ಮೇಲೆ ರಕ್ತದ ಗುಂಪು, ಫೋನ್ ನಂಬರ್ ಬರೆದು ಜನ ಗಿರಾಕಿಗಾಗಿ ಕಾಯುತ್ತಾರೆ. ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೊಹೆನ್ 1990ರ ದಶಕದಲ್ಲಿ ಚೆನ್ನೈನ ಬಡಾವಣೆಗಳಲ್ಲಿ ಓಡಾಡಿ ಕಂಡದ್ದು ಅದು. ಹೆಂಗಸರು ಕಿಡ್ನಿ ಮಾರುತ್ತಾರೆ ಎಂದು ಗೊತ್ತಾದ ಕೇರಿಗಳಲ್ಲಿ ಸಾಲ ಕೊಡುವವರು ಆ ಕಿಡ್ನಿಯನ್ನು ಅಡವಿನ ಹಾಗೆ ನೋಡತೊಡಗಿದ್ದರು. ಅಂದರೆ ಪಕ್ಕದ ಮನೆಯವಳು ಮಾರಿದ್ದಕ್ಕೆ, ಮಾರಲು ಮನಸ್ಸಿಲ್ಲದವಳ ಮೇಲೂ ಒತ್ತಡ ಬೀಳುತ್ತದೆ. ಕಾನೂನೇ ಒಪ್ಪಿಬಿಟ್ಟರೆ ಕಂತಿನವನು ಬಾಗಿಲಲ್ಲಿ ನಿಂತು "ಇನ್ನೊಂದು ಇದೆಯಲ್ಲಮ್ಮ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಸಾಲ ವಸೂಲಿಯ ಕಾಟ ತಡೆಯಲು ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಬಾಗಿಲುಗಳು ಎಲ್ಲಿವೆ ಎಂದು ನಿಮಗೂ ಗೊತ್ತು.

ನಮ್ಮ ಕಾನೂನಿನಲ್ಲೂ ನಾನು ಒಪ್ಪದ ಒಂದು ಅಂಶವಿದೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಅಂಗದ ವ್ಯಾಪಾರಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಏಜೆಂಟನಿಗೆ ಇದು ಸರಿ. ಆದರೆ ಇದೇ ಸೆಕ್ಷನ್ ದುಡ್ಡು ಪಡೆದವರ ಮೇಲೂ ಬೀಳುತ್ತದೆ. ಆ ತಾಯಿ ಪೊಲೀಸರ ಹತ್ತಿರ ಹೋಗಲಿಲ್ಲ ಯಾಕೆ ಅಂದರೆ ಇದಕ್ಕೇ. ಮಾರಿದವರನ್ನು ಕಳ್ಳಸಾಗಣೆಗೆ ಸಿಕ್ಕವರೆಂದು ನೋಡಬೇಕು. ಆಗ ಅವರೇ ಸಾಕ್ಷಿ ಹೇಳುತ್ತಾರೆ. ಸಂಬಂಧಿಕರಲ್ಲದವರು ಪ್ರೀತಿಯಿಂದ ಕೊಡಬಹುದು ಎಂಬ ಅವಕಾಶವೂ ಕಾಯ್ದೆಯಲ್ಲಿದೆ. ಅದು ಒಳ್ಳೆಯ ಮನಸ್ಸಿನಿಂದ ಇಟ್ಟದ್ದು. "ಎತ್ತಿ ಆಡಿಸಿದ್ದೀನಿ" ಎಂಬ ಪಾಠ ನುಸುಳುವುದೂ ಅಲ್ಲಿಂದಲೇ.

ನಿಮ್ಮಣ್ಣನಿಗೆ ದಾರಿ ಇದೆ. ಅತ್ತಿಗೆಯ ರಕ್ತದ ಗುಂಪು ಹೊಂದಲಿಲ್ಲ ಎಂದಿರಿ. ಹಾಗಂತ ಅವರ ಕಿಡ್ನಿ ಪ್ರಯೋಜನಕ್ಕಿಲ್ಲ ಎಂದಲ್ಲ. 2011ರ ತಿದ್ದುಪಡಿಯಲ್ಲಿ ಅದಲುಬದಲಿಗೆ ಅವಕಾಶ ಕೊಟ್ಟಿದ್ದಾರೆ. ನಿಮ್ಮ ಹಾಗೇ ಗುಂಪು ಹೊಂದದ ಇನ್ನೊಂದು ಕುಟುಂಬವಿರುತ್ತದೆ. ನಿಮ್ಮ ಅತ್ತಿಗೆ ಅವರಿಗೆ ಕೊಡುತ್ತಾರೆ, ಅವರ ಮನೆಯವರು ನಿಮ್ಮಣ್ಣನಿಗೆ ಕೊಡುತ್ತಾರೆ. ಇದನ್ನು ಸ್ವಾಪ್ ಎನ್ನುತ್ತಾರೆ. ಗುಂಪು ಹೊಂದದಿದ್ದರೂ ಔಷಧಿ ಕೊಟ್ಟು ಕಸಿ ಮಾಡುವ ವಿಧಾನವೂ ಇದೆ, ಖರ್ಚು ಮಾತ್ರ ಜಾಸ್ತಿ. ಒಂದು ಮಾತು ಕೇಳಲೇಬೇಕು, ಬೇಜಾರಾಗಬೇಡಿ. ಅತ್ತಿಗೆ ನಿಜವಾಗಿ ಮನಸ್ಸು ಮಾಡಿಯೇ ಮುಂದೆ ಬಂದರಾ? ನಮ್ಮ ದೇಶದಲ್ಲಿ ಬದುಕಿದ್ದಾಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರೇ ಜಾಸ್ತಿ. ಮನೆಯೊಳಗೂ ಒತ್ತಡ ಇರುತ್ತದೆ. ನೀವೆಲ್ಲ ಹೊರಗಿರುವಾಗ ಡಾಕ್ಟರ್ ಅವರೊಬ್ಬರನ್ನೇ ಕೂರಿಸಿ ಕೇಳಲಿ.

ಜೊತೆಗೆ ಆಸ್ಪತ್ರೆಯ ಮೂಲಕ, ನಮ್ಮ ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಅಣ್ಣನ ಹೆಸರು ಬರೆಸಿ. ಮೆದುಳು ನಿಷ್ಕ್ರಿಯವಾದವರ ಕಿಡ್ನಿ ಸರದಿಯ ಪ್ರಕಾರ ಸಿಗುವುದು ಅಲ್ಲಿಂದ. ಕಾಯುವುದು ಕಷ್ಟ, ಒಪ್ಪುತ್ತೇನೆ. ಕಣ್ಣನ್ನು ಹೃದಯ ನಿಂತ ಮೇಲೂ ಕೊಡಬಹುದು. ಕಿಡ್ನಿ ಸಾಮಾನ್ಯವಾಗಿ ಸಿಗುವುದು ಐಸಿಯುವಿನಲ್ಲಿ, ಎದೆಬಡಿತ ಇನ್ನೂ ಇರುವಾಗ ಮನೆಯವರು "ಆಗಲಿ" ಎಂದರೆ ಮಾತ್ರ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಆ ಮಾತು ಹೇಳಿದರು. ಇದನ್ನು ಓದುತ್ತಿರುವ ಉಳಿದವರು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಈ ವಿಷಯ ತೆಗೆಯಿರಿ. ದಾವಣಗೆರೆಯ ಈ ಮನೆಯ ಸರದಿ ಬೇಗ ಬರುವುದು ಅದರಿಂದಲೇ.

ಪತ್ರದ ಕೊನೆಯಲ್ಲಿ ನೀವು ಬರೆದಿದ್ದ ಏಜೆಂಟನ ಫೋನ್ ನಂಬರನ್ನು ಇಲ್ಲಿ ಅಚ್ಚು ಹಾಕಿಲ್ಲ. ಅವನಿಗೆ ಮುಂಗಡ ಕೊಡಬೇಡಿ. ನಂಬರನ್ನು ಪೊಲೀಸರಿಗೆ ಕೊಡಿ. ಅವನ ಬಾಡಿಗೆ ರೂಮಿನಲ್ಲಿ ಈಗಲೂ ಯಾರೋ ಕೂತಿರಬಹುದು.