ಪ್ರತಿ: ಉದಾರವಾದಿ ಮುಸ್ಲಿಂ ವಿದ್ವಾಂಸರಲ್ಲಿ ಯಾರನ್ನು ಓದಲಿ?

ಧರ್ಮದ ಒಳಗಿದ್ದುಕೊಂಡೇ ಹಳೆಯ ವ್ಯಾಖ್ಯಾನಗಳನ್ನು ಪ್ರಶ್ನಿಸುವ ಮುಸ್ಲಿಂ ವಿದ್ವಾಂಸರನ್ನು ಓದಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನಾದರೆ ಮೊರಾಕ್ಕೋದ ಫಾತಿಮಾ ಮರ್ನಿಸ್ಸಿ ಅಂತೀನಿ.

ಅವರ 'ದಿ ವೇಲ್ ಅಂಡ್ ದಿ ಮೇಲ್ ಎಲೀಟ್' ಶುರುವಾಗುವುದೇ ದಿನಸಿ ಅಂಗಡಿಯಲ್ಲಿ. ಹೆಂಗಸು ಮುಸ್ಲಿಮರ ನಾಯಕಿ ಆಗಬಹುದಾ ಅಂತ ಇವರು ಕೇಳುತ್ತಾರೆ. ಅಂಗಡಿಯವನ ಕೈಯಿಂದ ಮೊಟ್ಟೆ ಬೀಳುವುದೊಂದು ಬಾಕಿ! ಪಕ್ಕದಲ್ಲಿದ್ದ ಮೇಷ್ಟ್ರು, ಹೆಂಗಸಿನ ಕೈಗೆ ಅಧಿಕಾರ ಕೊಟ್ಟವರು ಉದ್ಧಾರ ಆಗಲ್ಲ ಅನ್ನುವ ಹದೀಸ್ (ಪ್ರವಾದಿ ಮುಹಮ್ಮದರ ಮಾತು ಅಂತ ವರದಿಯಾದ ನುಡಿ) ಹೇಳಿ ಬಾಯಿ ಮುಚ್ಚಿಸುತ್ತಾರೆ. ಮರ್ನಿಸ್ಸಿ ಸುಮ್ಮನಾಗಲಿಲ್ಲ. ಆ ಮಾತನ್ನು ವರದಿ ಮಾಡಿದ, ಪ್ರವಾದಿಯ ಸಂಗಾತಿ ಅಬೂ ಬಕ್ರಾ ಯಾರು, ಅವರಿಗೆ ಇದು ನೆನಪಾದದ್ದು ಯಾವಾಗ ಅಂತ ಹಳೆಯ ಗ್ರಂಥಗಳನ್ನೇ ತೆಗೆದು ನೋಡಿದರು. ನೆನಪಾದದ್ದು, ಕ್ರಿ.ಶ. 656ರ ಒಂಟೆ ಯುದ್ಧದಲ್ಲಿ ಒಂದು ಪಕ್ಷದ ಮುಂದಾಳಾಗಿದ್ದ ಪ್ರವಾದಿಯ ಪತ್ನಿ ಆಯಿಷಾ ಸೋತ ಮೇಲೆ! ಪತ್ತೇದಾರಿ ಕಥೆ ಓದಿದ ಹಾಗಿರುತ್ತೆ.

ಆಮೇಲೆ ಪಾಕಿಸ್ತಾನ ಮೂಲದ ವಿದ್ವಾಂಸ ಫಜ್ಲುರ್ ರಹಮಾನ್ ಅವರ 'ಇಸ್ಲಾಂ ಅಂಡ್ ಮಾಡರ್ನಿಟಿ' (1982). ಕುರಾನಿನ ವಚನ ಬಂದ ಸಂದರ್ಭ ನೋಡಿ, ಅದರ ಆಶಯ ಹಿಡಿದು, ಇವತ್ತಿಗೆ ಅನ್ವಯಿಸಿ ಅನ್ನುತ್ತಾರೆ. ಸ್ವಲ್ಪ ಗಟ್ಟಿ ಕಡಲೆ, ನಿಧಾನಕ್ಕೆ ಓದಿ. ನಮ್ಮ ದೇಶದವರೇ ಬೇಕಿದ್ದರೆ ಮುಂಬೈಯಲ್ಲಿದ್ದ ಅಸ್ಗರ್ ಅಲಿ ಎಂಜಿನಿಯರ್ ಇದ್ದಾರೆ, ಭಾಷೆ ಸಲೀಸು. ಶಿಯಾ ಮುಸ್ಲಿಮರ ಒಂದು ಪಂಗಡವಾದ ಬೋಹ್ರಾ ಸಮುದಾಯದ ಒಳಗೇ ಸುಧಾರಣೆಗೆ ಹೋರಾಡಿದವರು.

'ಲಿಬರಲ್' ಅಂತ ಹುಡುಕಿದರೆ ಬರೀ ಟಿವಿ ಚರ್ಚೆಗಳೇ ಜಾಸ್ತಿ ಸಿಗುತ್ತವೆ. ಹೆಸರು ಹಿಡಿದೇ ಹುಡುಕಿ.